ಕುದಿಸಿದರೆ ಕೆಡುವ ಮಲೇರಿಯಾ ಮದ್ದು

ಗಿಡಮೂಲಿಕೆ ಎಂದರೆ ನಮಗೆ ಮೊದಲು ನೆನಪಾಗುವುದು ಕಷಾಯ. ಮಲೇರಿಯಾ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ತೊಡಕಾದದ್ದೂ ಈ ಕುದಿಸುವ ಪದ್ಧತಿಯೇ. ‘ಚಿಂಗ್‌ಹಾವ್’ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೈಕೊಡುತ್ತಿತ್ತು. ನಾಲ್ಕನೇ ಶತಮಾನದ ಗೆ ಹಾಂಗ್ ತನ್ನ ವೈದ್ಯಗ್ರಂಥದಲ್ಲಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ ಕುಡಿಯಲು ಹೇಳಿದ್ದ, ಕುದಿಸಲು ಹೇಳಿರಲಿಲ್ಲ! ಬಿಸಿಯೇ ಗುಣ ಕೆಡಿಸುತ್ತಿರಬೇಕು ಎಂದು ತು ಅವರಿಗೆ ಹೊಳೆಯಿತು. ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ 1971ರಲ್ಲಿ ತೆಗೆದ ಸಾರ, ಇಲಿಗಳಲ್ಲಿ ರೋಗಾಣುವನ್ನು ಪೂರ್ತಿ ಅಡಗಿಸಿತು. ಅದರಲ್ಲಿದ್ದ ಆರ್ಟೆಮಿಸಿನಿನ್‌ನಿಂದ ಬಂದ ಔಷಧಗಳೇ ಇಂದು ಮಾರಕ ಫಾಲ್ಸಿಪೇರಂ ಮಲೇರಿಯಾಕ್ಕೆ ಮುಖ್ಯ ಚಿಕಿತ್ಸೆ. 2015ರಲ್ಲಿ ಅವರಿಗೆ ನೊಬೆಲ್ ಸಂದಿತು.

ಹಾಗೆಂದು ಈ ಸೊಪ್ಪಿನ ಚಹಾ ನಂಬಿ ಕೂರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೆಂಬಲಿಸುವುದಿಲ್ಲ. ಅದರಲ್ಲಿ ಮದ್ದಿನ ಪ್ರಮಾಣ ಅಳತೆಗೆ ಸಿಗದು. ಅರೆಬರೆ ಮದ್ದಿಗೆ ಸಾಯದೆ ಉಳಿದ ರೋಗಾಣು ಮುಂದೆ ಮಾತ್ರೆಗೂ ಬಗ್ಗದಂತಾಗಬಹುದು.