ಪಿಂಕ್ ಉಪ್ಪಿನ ಭಕ್ತರು

ದುರ್ಗಿಗುಡಿಯಲ್ಲಿ ಬಿಪಿ ಮಾತ್ರೆ ತಗೊಂಡು ಬರುತ್ತಿದ್ದ ಪರಿಚಯದ ರಾಯರೊಬ್ಬರು ಮೊನ್ನೆ ರಸ್ತೆಯಲ್ಲೇ ನಿಲ್ಲಿಸಿ, ಚೀಲದಿಂದ ಪಿಂಕ್ ಸಾಲ್ಟಿನ ಪ್ಯಾಕೆಟ್ ತೆಗೆದು ತೋರಿಸಿದರು. "ಬಿಳಿ ಉಪ್ಪು ಬಿಟ್ಟು ಎರಡು ತಿಂಗಳಾಯ್ತು ಕಣ್ರೀ. ಇದ್ರಿಂದ ಬಿಪಿ ಏರಲ್ಲ."

ಪ್ಯಾಕೆಟ್ ತಿರುಗಿಸಿ ಅಂದೆ. ಕನ್ನಡಕ ಹಣೆಗೇರಿಸಿ ಓದಿದರು: 100 ಗ್ರಾಂ ಉಪ್ಪಿಗೆ ಸೋಡಿಯಂ 38 ಗ್ರಾಂ. ಬಿಳಿ ಉಪ್ಪಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬಿಪಿ ಏರಿಸುವುದು ಆ ಸೋಡಿಯಂ. ಅದಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಗುಲಾಬಿ ಬಣ್ಣ ಬಂದಿರುವುದು ಕಬ್ಬಿಣದ ಅಂಶದಿಂದ. ಹಿಮಾಲಯದ ಹೆಸರು ಹೊತ್ತ ಈ ಉಪ್ಪಿಗೆ ಹೆಸರಾದ ಗಣಿ ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿದೆ, ಹಿಮಶಿಖರದ ಮೇಲಲ್ಲ. ಇನ್ನು ಇದರಲ್ಲಿ 84 ಖನಿಜಗಳಿವೆ ಅನ್ನುವ ಮಾತು! ಅವು ಇರುವುದು ಚಿಟಿಕೆಯಲ್ಲಿ ಚಿಟಿಕೆ. ಪೊಟ್ಯಾಸಿಯಂ ಬೇಕಿದ್ದರೆ ಒಂದು ಬಾಳೆಹಣ್ಣು ತಿನ್ನಿ, ಮೂತ್ರಪಿಂಡ ಸರಿಯಿದ್ದರೆ. ಮೇಲಾಗಿ ಇಂಥ ಬಹಳಷ್ಟು ಪ್ಯಾಕೆಟ್‌ಗಳಲ್ಲಿ ಅಯೋಡಿನ್ನೂ ಇರುವುದಿಲ್ಲ.

ಹಸಿ ಉಪ್ಪು ಕೆಟ್ಟದ್ದು, ಹುರಿದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ಉಪ್ಪು ಕರಗಲಿಕ್ಕೇ 801 ಡಿಗ್ರಿ ಸೆಲ್ಸಿಯಸ್ ಬೇಕು. ಬಾಣಲೆಯಲ್ಲಿ ಹಾರಿಹೋಗುವುದು ತೇವ, ಸೋಡಿಯಂ ಅಲ್ಲ. ಬೆಳ್ಳುಳ್ಳಿ ಜಗಿದು ಮಾತ್ರೆ ಬಿಟ್ಟವರ ವಿಷಯ ಡಾಕ್ಟರೇ ಹೇಳಲಿ. ತಲೆ ಸುತ್ತದಿದ್ದರೆ ಬಿಪಿ ಇಲ್ಲ ಅನ್ನುವುದಂತೂ ಶುದ್ಧ ಸುಳ್ಳು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಸಾರು, ಪಲ್ಯ, ಹಪ್ಪಳ, ಬೇಕರಿ ಖಾರ, ಎಲ್ಲ ಸೇರಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಕ್ಲೋರೈಡಿಗೆ ಬದಲಿಸಿದಾಗ ಪಾರ್ಶ್ವವಾಯು 14% ಕಡಿಮೆಯಾಯಿತು. ಅಲ್ಲಿ ಬದಲಾದದ್ದು ಸೋಡಿಯಂ ಮತ್ತು ಪೊಟ್ಯಾಸಿಯಂ ಪ್ರಮಾಣ. ಆ ಉಪ್ಪೂ ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ. ಕೇಳಿಯೇ ತಗೊಳ್ಳಬೇಕು. ಆದರೆ ಕೇಳುವ ಅಭ್ಯಾಸ ನಮಗೆಲ್ಲಿದೆ? ವಾಟ್ಸಾಪಿನಲ್ಲಿ ಬಂದರೆ ಓದಿದವರೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಡಾಕ್ಟರ ಚೀಟಿಗೆ ಮಾತ್ರ ನೂರೆಂಟು ಅನುಮಾನ.

ರಾಯರ ಚೀಲದ ತಳದಲ್ಲಿ ಎರಡು ಕೆಜಿ ಕಲ್ಲುಪ್ಪೂ ಇತ್ತು. ಇದ್ಯಾಕೆ ಅಂದೆ.

"ಅದು ಅಪ್ಪೆಮಿಡಿ ಉಪ್ಪಿನಕಾಯಿಗೆ ಕಣ್ರೀ. ಊಟಕ್ಕಲ್ಲ."