ಹಿನ್ನೀರಿನಡಿಯ ಹಳೆಯ ಹೊಳೆ

ಅಮೆರಿಕದ ಟೆನೆಸಿ ನದಿಗೆ ಅಡ್ಡಲಾಗಿ ಕಟ್ಟಿದ ಕೆಂಟಕಿ ಅಣೆಕಟ್ಟು 1944ರಲ್ಲಿ ಪೂರ್ತಿಯಾಯಿತು. ಅದರ ಹಿಂದೆ 184 ಮೈಲಿ ಉದ್ದಕ್ಕೆ ನೀರು ನಿಂತು, ಬರ್ಮಿಂಗ್‌ಹ್ಯಾಮ್ ಎಂಬ ಊರು ಮುಳುಗಿತು, ಹೊಲಗದ್ದೆ ಮುಳುಗಿತು, ನದಿಯ ದಂಡೆಗಳೂ ಮುಳುಗಿದವು. ಲಿಂಗನಮಕ್ಕಿಯ ಹಿನ್ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಕಣ್ಣು ಹಾಯುವಷ್ಟು ದೂರ ಕೆರೆ. ಅಡಿಯಲ್ಲಿ ಹಳೆಯ ಹೊಳೆಯ ಪಾತ್ರ, ತಿರುವುಗಳ ಸಮೇತ. ಬೇಸಿಗೆಯಲ್ಲಿ ಕೆಂಟಕಿಯ ಈ ಹಿನ್ನೀರಿನಲ್ಲಿ ಬಾಸ್ ಮೀನಿಗೆ ಗಾಳ ಹಾಕುವ ನುರಿತವರು ಹುಡುಕುವುದು ಆ ಹೊಳೆಯನ್ನೇ.

ಲಾರ್ಜ್‌ಮೌತ್ ಬಾಸ್ ಹೊಂಚು ಹಾಕಿ ಗಬಕ್ಕನೆ ನುಂಗುವ ಜಾತಿ. ಅದರ ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ವಸಂತದಲ್ಲಿ ಕೊಲ್ಲಿಗಳ ತೆಳುನೀರಿನಲ್ಲಿ ಮೊಟ್ಟೆಯಿಟ್ಟ ಮೀನುಗಳು ಜೂನ್ ಹೊತ್ತಿಗೆ ಶ್ಯಾಡ್ ಎಂಬ ಸಣ್ಣ ಮೀನುಗಳ ಬೆನ್ನು ಹತ್ತಿ ನಡುನೀರಿಗೆ ಬರುತ್ತವೆ. ಮುಳುಗಿದ ದಂಡೆಯ ಅಂಚಿಗೆ ಅಲ್ಲಿಯವರು ‘ಲೆಡ್ಜ್’ ಎನ್ನುತ್ತಾರೆ. ಅಂಚಿನ ಮೇಲೆ ಹದಿನೈದು ಅಡಿ ನೀರಿದ್ದರೆ, ಆಚೆಗೆ ನದಿಪಾತ್ರ ಒಮ್ಮೆಲೇ ಆಳಕ್ಕಿಳಿಯುತ್ತದೆ. ಮೈಲಿಗಟ್ಟಲೆ ಅಂಚಿನಲ್ಲಿ ಮೀನಿರುವುದು ಎಲ್ಲೋ ಕೆಲವು ಕಡೆ ಮಾತ್ರ: ಅಂಚು ತಿರುಗುವಲ್ಲಿ, ಮರದ ಬೊಡ್ಡೆಯ ಮಗ್ಗುಲಲ್ಲಿ, ಕಪ್ಪೆಚಿಪ್ಪು ರಾಶಿಬಿದ್ದ ಗಟ್ಟಿನೆಲದ ಮೇಲೆ. ಹಾಗಾಗಿ ಸೋನಾರ್ ಪರದೆ ನೋಡುತ್ತ ಗಾಳವನ್ನೇ ಹಾಕದೆ ಗಂಟೆಗಟ್ಟಲೆ ದೋಣಿ ಓಡಿಸುತ್ತಾರೆ. ನನ್ನ ಮಟ್ಟಿಗೆ ಈ ವಿದ್ಯೆಯ ಅರ್ಧ ಭಾಗ ಆ ತಾಳ್ಮೆಯೇ.

ಇನ್ನೊಂದು ಸಂಗತಿ ಹೊಸಬರಿಗೆ ನಂಬಲು ಕಷ್ಟ. ಸೆಕೆ ಏರಿದಂತೆ ಮನೆಮನೆಯಲ್ಲಿ ಎ.ಸಿ. ಓಡತೊಡಗುತ್ತದೆ, ಕರೆಂಟಿನ ಬೇಡಿಕೆ ಹೆಚ್ಚುತ್ತದೆ. ಆಗ ಅಣೆಕಟ್ಟಿನ ಒಡೆತನ ಹೊಂದಿರುವ ಟೆನೆಸಿ ವ್ಯಾಲಿ ಅಥಾರಿಟಿ ಟರ್ಬೈನುಗಳಿಗೆ ನೀರು ಬಿಡುತ್ತದೆ. ನಿಂತ ನೀರಿಗೆ ಸೆಳವು ಬರುತ್ತದೆ. ಸೆಳವಿಗೆ ಸಿಕ್ಕ ಶ್ಯಾಡ್ ಹಿಂಡು ಅಂಚಿನ ಮೇಲೆ ಹಾಯುವಾಗ ಬಾಸ್‌ಗಳು ಸೆಳವಿಗೆ ಮುಖಕೊಟ್ಟು ಸಾಲಾಗಿ ಕಾದಿರುತ್ತವೆ. ಅದಕ್ಕೇ ಸುಡು ಮಧ್ಯಾಹ್ನದಲ್ಲೂ ಒಳ್ಳೆಯ ಬೇಟೆ ಸಾಧ್ಯ. ದೋಣಿ ಇಳಿಸುವ ಮುನ್ನ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆಂದು ವಿಚಾರಿಸಿಕೊಳ್ಳುವುದು ಅಲ್ಲಿನ ರೂಢಿ.

ಕೃತಕ ಎರೆಗಳಲ್ಲಿ ನನಗೆ ಅತಿ ಮೆಚ್ಚು ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್. ಶ್ಯಾಡ್‌ನಂತೆ ಬಣ್ಣ ಬಳಿದ ದಪ್ಪ ಮೈ, ಮುಂದಕ್ಕೆ ಚಾಚಿದ ಅಗಲವಾದ ಪ್ಲಾಸ್ಟಿಕ್ ತುಟಿ, ಹೊಟ್ಟೆಗೂ ಬಾಲಕ್ಕೂ ಮೂರು ಮೊನೆಯ ಕೊಕ್ಕೆ. ರೀಲ್ ಸುತ್ತಿದಂತೆ ನೀರು ಆ ತುಟಿಯನ್ನು ಒತ್ತಿ ಎರೆಯನ್ನು ಕೆಳಗೆ ಇಳಿಸುತ್ತದೆ. ಇಳಿಯಲು ಅದಕ್ಕೆ ದೂರ ಬೇಕು. ಮೀನಿರುವ ಜಾಗಕ್ಕೇ ಎಸೆದರೆ ಅದರ ತಲೆಯ ಮೇಲೆ ಹಾದುಹೋದೀತು. ಆದ್ದರಿಂದ ಬಹಳ ಆಚೆಗೆ ಎಸೆಯಬೇಕು. ದಾರ ತೆಳುವಾದಷ್ಟೂ ಎರೆ ಆಳಕ್ಕೆ ಹೋಗುತ್ತದೆ. ತಳ ಮುಟ್ಟಿದ ಮೇಲೆ ಕೆಲಸವೆಲ್ಲ ಬೆರಳಿನದು. ಕೆಸರಾದರೆ ಮಂದವಾದ ಎಳೆತ, ಚಿಪ್ಪಾದರೆ ಕಟಕಟ ಅದುರು, ಬೊಡ್ಡೆಯಾದರೆ ಒಂದೇ ಗಟ್ಟಿ ಏಟು. ಏಟು ಬಿದ್ದ ಗಳಿಗೆಯಲ್ಲಿ ರೀಲ್ ನಿಲ್ಲಿಸಿದರೆ ಎರೆ ತುಸು ಮೇಲಕ್ಕೆ ತೇಲಿ, ದಿಕ್ಕು ತಪ್ಪಿದ ಮೀನಿನಂತೆ ವಾಲುತ್ತದೆ. ಬಾಸ್ ಎರಗುವುದು ಹೆಚ್ಚಾಗಿ ಆಗಲೇ. ಹಸಿವಿಲ್ಲದ ಮೀನೂ ತಡೆಯಲಾರದೆ ಬಾಯಿ ಹಾಕುತ್ತದೆ.

ಒಂದು ಸಿಕ್ಕಿತೆಂದರೆ ಇಡೀ ಹಿಂಡು ಪೈಪೋಟಿಗೆ ಬೀಳುತ್ತದೆ. ಮತ್ತೆ ಅದೇ ಕೋನದಲ್ಲಿ, ಬೇಗ ಎಸೆಯಬೇಕು. ದೋಣಿ ಹತ್ತಿಪ್ಪತ್ತು ಅಡಿ ಸರಿದರೂ ಬೊಡ್ಡೆಗೆ ಎರೆ ತಾಗುವ ರೀತಿ ಬದಲಾಗುತ್ತದೆ.

ಎರೆಯನ್ನು ಅಟ್ಟುವ ಹುಮ್ಮಸ್ಸು ಮೀನುಗಳಲ್ಲಿ ಇಳಿದಾಗ ಕೆರೊಲೈನಾ ರಿಗ್. ದಾರಕ್ಕೆ ಸೀಸದ ಗುಂಡು, ಅದರ ಹಿಂದೆ ಮೂರು ಅಡಿ ದಾರ, ತುದಿಗೆ ಪ್ಲಾಸ್ಟಿಕ್ ಹುಳು. ಗುಂಡು ನೆಲ ಸವರುತ್ತದೆ, ಹುಳು ಹಗುರಾಗಿ ಹಿಂಬಾಲಿಸುತ್ತದೆ. ಇದನ್ನು ಎಳೆಯಬೇಕಾದದ್ದು ಗಾಳದ ಕೋಲಿನಿಂದ. ರೀಲ್ ಸುತ್ತುವುದು ಸಡಿಲ ದಾರಕ್ಕಷ್ಟೇ. ಈ ಹುಳುವಿನ ಮೂಲಪುರುಷರಲ್ಲಿ ಒಬ್ಬನಾದ ನಿಕ್ ಕ್ರೀಮ್ 1949ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಅದನ್ನು ಅಚ್ಚು ಹೊಯ್ದ. ಬೆಳ್ಳಂಬೆಳಗ್ಗೆ ಶ್ಯಾಡ್ ಮೇಲೆದ್ದು ಚಿಮ್ಮುತ್ತಿದ್ದರೆ ಜಾರಾ ಸ್ಪೂಕ್‌ನಂಥ ತೇಲುವ ಎರೆ ಸಾಕು.

ಜುಲೈಯಲ್ಲಿ ಹಿಡಿದ ಮೀನನ್ನು ನೀರಿನ ಹೊರಗೆ ಹೆಚ್ಚು ಹೊತ್ತು ಇಡಬಾರದು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನು ಚೇತರಿಸಿಕೊಳ್ಳುವುದು ನಿಧಾನ. ಕೈ ಒದ್ದೆ ಮಾಡಿಕೊಂಡು, ಕೆಳದವಡೆ ಹಿಡಿದು, ದೊಡ್ಡ ಮೀನಾದರೆ ಹೊಟ್ಟೆಗೆ ಆಸರೆ ಕೊಟ್ಟು, ತಡಮಾಡದೆ ಬಿಟ್ಟುಬಿಡಬೇಕು.

ಈ ಅಂಚುಗಳ ಬದುಕು ನಿಂತಿರುವುದು ಶ್ಯಾಡ್‌ಗಳ ಮೇಲೆ. ನಮ್ಮ ಕೆರೆಗಳಲ್ಲಿ ಸಾಕುವ ಬೆಳ್ಳಿಗೆಂಡೆ ಅಲ್ಲಿ ಹೊರಗಿನಿಂದ ನುಗ್ಗಿ, ಶ್ಯಾಡ್ ತಿನ್ನುವ ಸೂಕ್ಷ್ಮಜೀವಿಗಳನ್ನೇ ತಿಂದು ಹೆಚ್ಚಿತು. ಮುಂಚೆ ಬಾಸ್‌ಗಳು ಹಿಂಡು ಕಟ್ಟುತ್ತಿದ್ದ ಅಂಚುಗಳು ಬರಿದಾಗಿವೆ ಎಂದು ಗಾಳಗಾರರು ಮರುಗುತ್ತಾರೆ. ಆ ಮರುಕ ನನ್ನದೂ ಹೌದು. ಗೆಂಡೆಗಳನ್ನು ಬಲೆ ಬೀಸಿ ಟನ್‌ಗಟ್ಟಲೆ ತೆಗೆಸುತ್ತಿದ್ದಾರೆ. ಕಾಲುವೆಯಿಂದ ಈ ಹಿನ್ನೀರಿಗೆ ಕೂಡಿಕೊಂಡ ಪಕ್ಕದ ಬಾರ್ಕ್ಲಿ ಅಣೆಕಟ್ಟಿನಲ್ಲಿ ದೋಣಿ ದಾಟಿಸುವ ಲಾಕ್ ಬಳಿ 2019ರಲ್ಲಿ, ಅವು ಒಳಬರದಂತೆ ಸದ್ದು, ಬೆಳಕು ಮತ್ತು ಗಾಳಿಗುಳ್ಳೆಗಳ ಬೇಲಿಯನ್ನೂ ಹೂಡಿದರು.