ನೋಟೀಸು ಯಾರ ಹೆಸರಿಗೆ?

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳಗಿನ ಮೊದಲ ಬಲಿಪೂಜೆಗೆ ನಡೆದು ಬರುವ ಅಭ್ಯಾಸವುಳ್ಳ ಓದುಗರಿಗೆ ನಾವು ಈ ವಾರ ಬರೆಯಹೊರಟಿರುವ ಜನರು ಅಪರಿಚಿತರೇನಲ್ಲ. ಶಿವಾಜಿನಗರದ ಬಸ್ ನಿಲ್ದಾಣದ ಅಂಚಿನಲ್ಲಿ, ರಸೆಲ್ ಮಾರುಕಟ್ಟೆಯ ಸುತ್ತ ಬಾಗಿಲು ಹಾಕಿದ ಅಂಗಡಿಗಳ ಜಗಲಿಗಳ ಮೇಲೆ, ಹಲಸೂರಿನ ಬೀದಿಗಳಲ್ಲಿ, ಕೃಷ್ಣರಾಜಪುರದ ತೂಗುಸೇತುವೆಯ ಆಸುಪಾಸಿನಲ್ಲಿ ಗಂಟುಮೂಟೆಯನ್ನೇ ತಲೆದಿಂಬಾಗಿಸಿಕೊಂಡು ಮಲಗಿರುವವರು ಅವರು. ನೀಲಿ ಟಾರ್ಪಾಲಿನ ಒಂದು ತುಂಡು, ನಾಲ್ಕು ಬಿದಿರಿನ ಗಳು, ಮೂರು ಕಲ್ಲಿನ ಒಲೆ, ಇಷ್ಟಿದ್ದರೆ ಅದು ಗುಡಾರ. ಇಷ್ಟೂ ಇಲ್ಲದಿದ್ದರೆ ಬರಿಯ ಫುಟ್‌ಪಾತು. ನಾವು ಪಕ್ಕಕ್ಕೆ ಸರಿದು, ರಸ್ತೆಗಿಳಿದು, ಮುಂದೆ ಹೋಗುತ್ತೇವೆ.

ಇವರೆಲ್ಲ ಊರ ಹೊರಗೆ ಎಲ್ಲಾದರೂ ಇರಬಾರದೇ ಎಂದು ಕೇಳುವವರುಂಟು. ಮಾರುಕಟ್ಟೆಗೆ ಸರಕು ಬರುವುದು ಊರು ಏಳುವ ಮುನ್ನ. ಮೂಟೆ ಇಳಿಸುವವನು, ಕೈಗಾಡಿ ತಳ್ಳುವವನು, ಚಿಂದಿ ಆಯುವವಳು, ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆದು ನಡುರಾತ್ರಿಗೆ ಹೊರಬೀಳುವವಳು, ಇವರಿಗೆ ಕೂಲಿ ಸಿಗುವ ಹೊತ್ತಿನಲ್ಲಿ ಬಸ್ಸುಗಳಿರುವುದಿಲ್ಲ. ದೂರದಲ್ಲೊಂದು ಕೋಣೆ ಬಾಡಿಗೆಗೆ ಹಿಡಿಯಬೇಕಾದರೆ ಮುಂಗಡ ಹಣ ಬೇಕು, ಗುರುತಿನ ಚೀಟಿ ಬೇಕು, ಹೇಳಿಕೊಳ್ಳಲು ಒಬ್ಬ ಪರಿಚಯಸ್ಥ ಬೇಕು. ಕೆಲಸವಿರುವೆಡೆ ಮನೆಯಿಲ್ಲ, ಮನೆ ಸಿಗಬಹುದಾದೆಡೆ ಕೆಲಸವಿಲ್ಲ. ಈ ಸರಳ ಲೆಕ್ಕವನ್ನು ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯವೇ ಒಪ್ಪಿಕೊಂಡಿದೆಯೆಂಬುದನ್ನು ಬಲ್ಲವರು ಕಡಿಮೆ.

1981ರ ಜುಲೈ ತಿಂಗಳು. ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಮುಂಬಯಿಯ ಫುಟ್‌ಪಾತುಗಳಲ್ಲಿ ವಾಸಿಸುವವರನ್ನು ಎಬ್ಬಿಸಿ ಅವರವರ ಊರುಗಳಿಗೆ ಕಳುಹಿಸುವುದಾಗಿ ಪ್ರಕಟಿಸಿದರು. ಸುರಿಯುವ ಮಳೆಯಲ್ಲಿ ತೆರವು ಆರಂಭವಾಯಿತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಅವರೂ ಫುಟ್‌ಪಾತಿನ ಕೆಲವು ನಿವಾಸಿಗಳೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಸಂವಿಧಾನದ 21ನೆಯ ವಿಧಿ ರಕ್ಷಿಸುವ ಜೀವದ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಅದು ಸಾರಿತು. ಈ ಒಂದು ಮಾತಿಗಾಗಿಯೇ ತೀರ್ಪು ಪ್ರಸಿದ್ಧವಾಗಿದೆ. ಆದರೆ ನಮ್ಮನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಅದರೊಳಗಿನ ಬೇರೊಂದು ವಾದ.

ಒತ್ತುವರಿಯನ್ನು ನೋಟೀಸು ಕೊಡದೆಯೇ ತೆಗೆಸುವ ಅಧಿಕಾರವನ್ನು ಮುಂಬಯಿ ನಗರಪಾಲಿಕೆಯ ಕಾಯಿದೆ ಆಯುಕ್ತರಿಗೆ ಕೊಟ್ಟಿತ್ತು. ಬೀದಿ ಸಾರ್ವಜನಿಕರದು, ಅಲ್ಲಿರಲು ಇವರಿಗೆ ಹಕ್ಕಿಲ್ಲ. ಕರೆದು ಕೇಳಿದರೂ ಇವರು ಹೇಳುವುದಕ್ಕೇನಿದೆ? ಪಾಲಿಕೆಯ ನಿಲುವು ಇದಾಗಿತ್ತು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಕಾಯಿದೆ ನೋಟೀಸಿಲ್ಲದೆ ತೆರವು ಮಾಡಬಹುದೆಂದು ಹೇಳುತ್ತದೆಯೇ ಹೊರತು ಮಾಡಲೇಬೇಕೆಂದು ಅಪ್ಪಣೆ ಕೊಡುವುದಿಲ್ಲ. ಅಸಾಧಾರಣ ಸಂದರ್ಭವನ್ನುಳಿದು ಬೇರೆಲ್ಲ ಕಡೆ ತಿಳಿಸಿಯೇ ಮುಂದುವರಿಯಬೇಕು ಎಂದಿತು. ಕೇಳುವುದರಿಂದ ಫಲಿತಾಂಶ ಬದಲಾಗುತ್ತದೋ ಇಲ್ಲವೋ ಎಂಬುದೊಂದೇ ಪ್ರಶ್ನೆಯಲ್ಲ; ತನ್ನ ಬಾಳನ್ನು ಬುಡಮೇಲು ಮಾಡುವ ನಿರ್ಧಾರ ಏಕಾಯಿತೆಂದು ತಿಳಿಯುವುದೂ ಅದರ ಬಗ್ಗೆ ಮಾತಾಡುವುದೂ ಮನುಷ್ಯನಾದವನಿಗೆ ಸಲ್ಲಬೇಕಾದ ಗೌರವ ಎಂಬುದು ಆ ವಾದದ ತಿರುಳು. ತತ್ತ್ವಶಾಸ್ತ್ರದ ತರಗತಿಯಲ್ಲಿ ವ್ಯಕ್ತಿಗೂ ವಸ್ತುವಿಗೂ ಇರುವ ಭೇದವನ್ನು ಉರುಹೊಡೆದ ನಮಗೆ, ಅದನ್ನು ಬೀದಿಯ ಮೇಲಿಟ್ಟು ವಿವರಿಸಿದ ಪಾಠ ಇದೆಂದೇ ತೋರುತ್ತದೆ. ಕಸವನ್ನು ತೆಗೆಯುವ ಮುನ್ನ ಯಾರೂ ಕಸಕ್ಕೆ ನೋಟೀಸು ಕೊಡುವುದಿಲ್ಲ.

ಹಾಗೆಂದು ಆ ಬಡವರು ಗೆದ್ದರೆಂದು ತಿಳಿಯಬಾರದು. ಆಯುಕ್ತರು ಕೇಳದೆ ಬಿಟ್ಟದ್ದನ್ನು ತಾವೇ ಕೇಳಿದಂತಾಯಿತು ಎಂದ ನ್ಯಾಯಾಧೀಶರು, ಫುಟ್‌ಪಾತು ನಡೆಯುವವರಿಗಾಗಿ ಇರುವಂಥದು, ಅದನ್ನು ಖಾಸಗಿ ವಾಸಕ್ಕೆ ಬಳಸುವ ಹಕ್ಕು ಯಾರಿಗೂ ಇಲ್ಲ ಎಂದೂ ತೀರ್ಮಾನಿಸಿದರು. ಮಳೆಗಾಲ ಮುಗಿಯುವವರೆಗೆ, ಅಂದರೆ ಅಕ್ಟೋಬರ್ 31ರವರೆಗೆ, ಎಬ್ಬಿಸಬಾರದೆಂಬ ಕರುಣೆಯಷ್ಟೇ ಕೈಗೆ ಬಂತು. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಮಾತ್ರ ಬದಲಿ ನಿವೇಶನ ಎಂದಾಯಿತು. ಚೀಟಿಯಿದ್ದವನಿಗೆ ಜಾಗ, ಇಲ್ಲದವನಿಗೆ ದಾರಿ.

ಈ ತೀರ್ಪಿನ ಇನ್ನೊಂದು ಮಾತನ್ನು ಓದುವಾಗ ಸಂತ ತೋಮಾಸ್ ಅಕ್ವಿನಾಸರು ನೆನಪಾಗುತ್ತಾರೆ. ಇವರು ಬೀದಿಯಲ್ಲಿ ನೆಲೆಸುವುದು ಯಾರನ್ನಾದರೂ ಪೀಡಿಸುವ ಅಥವಾ ಅಪರಾಧವೆಸಗುವ ಉದ್ದೇಶದಿಂದಲ್ಲ, ನಿರುಪಾಯದಿಂದ ಎಂದು ನ್ಯಾಯಾಲಯ ಹೇಳಿತು. 13ನೆಯ ಶತಮಾನದ ಸಂತರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಆಸ್ತಿಯನ್ನು ನಿನ್ನದು ನನ್ನದೆಂದು ಹಂಚಿಕೊಂಡದ್ದು ಮಾನವ ಶಾಸನ. ಅದು ಅಗತ್ಯವೂ ಹೌದು, ಯೋಗ್ಯವೂ ಹೌದು. ಆದರೆ ಭೂಮಿಯ ವಸ್ತುಗಳು ಎಲ್ಲರ ಪೋಷಣೆಗಾಗಿ ಇವೆಯೆಂಬ ಮೂಲ ವ್ಯವಸ್ಥೆಯನ್ನು ಆ ಶಾಸನ ಅಳಿಸಲಾರದು. ಕಣ್ಣಿಗೆ ಕಾಣುವ ತುರ್ತು ಸಂಕಟದಲ್ಲಿ ಪರರ ವಸ್ತುವನ್ನು ಬಳಸಿಕೊಂಡರೆ ಅದು ಕಳ್ಳತನವೆನಿಸದು ಎಂಬುದು ಅವರ ಬೋಧೆ. ಇದನ್ನು ಕೇಳಿ ಹೌಹಾರುವ ಮನೆ ಮಾಲೀಕರು ನಮ್ಮ ಭಕ್ತಾದಿಗಳಲ್ಲಿ ಇಲ್ಲದಿಲ್ಲ. ಸಂತರು ಮಾತಾಡಿದ್ದು ತುರ್ತಿನ ಬಗ್ಗೆ, ಸೋಮಾರಿತನದ ಬಗ್ಗೆ ಅಲ್ಲ ಎಂದು ಅವರಿಗೆ ಸಮಾಧಾನ ಹೇಳಬಹುದು.

ಈಗ ನಮ್ಮ ಊರಿಗೆ ಬರೋಣ. ವಿವೇಕನಗರದ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಗುರುವಾರಗಳಂದು ಹೋಗುವವರಿಗೆ ಅಲ್ಲಿಂದ ಹೆಚ್ಚು ದೂರವಿಲ್ಲದ ಈಜಿಪುರ ಗೊತ್ತು. ಆರ್ಥಿಕವಾಗಿ ಹಿಂದುಳಿದವರಿಗಾಗಿ ನಗರಪಾಲಿಕೆ ಅಲ್ಲಿ ಕಟ್ಟಿಸಿದ್ದ ವಸತಿ ಕಟ್ಟಡಗಳು ಕಾಲಕ್ರಮದಲ್ಲಿ ಕುಸಿದವು; ಜನ ಅದೇ ನೆಲದಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದರು. 2013ರ ಜನವರಿಯಲ್ಲಿ ಕೆಲವೇ ದಿನಗಳಲ್ಲಿ ಸುಮಾರು 1,500 ಕುಟುಂಬಗಳ ಶೆಡ್ಡುಗಳನ್ನು ಯಂತ್ರಗಳು ನೆಲಸಮ ಮಾಡಿದವು. ಭೂಮಿಯನ್ನು ಅಭಿವೃದ್ಧಿಪಡಿಸಲು ಪಾಲಿಕೆ ಖಾಸಗಿ ಕಂಪನಿಯೊಂದರೊಡನೆ ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿ ವ್ಯಾಜ್ಯ ನಡೆದಿತ್ತು, ನ್ಯಾಯಾಲಯದ ಆದೇಶಗಳಿದ್ದವು, ಕಾಗದಪತ್ರಗಳೆಲ್ಲ ಇದ್ದವು. ಆದರೂ ಚಳಿಯ ರಾತ್ರಿಗಳಲ್ಲಿ ಬಾಣಂತಿಯರೂ ಶಾಲೆಯ ಮಕ್ಕಳೂ ಮಲಗಿದ್ದು ಪಕ್ಕದ ಫುಟ್‌ಪಾತಿನ ಮೇಲೆಯೇ. ಕೆಲವರು ಸರ್ಜಾಪುರದ ಕಡೆಯ ಸೂಲಿಕುಂಟೆಗೆ ಹೋದರು. ಕೆಲಸ, ಶಾಲೆ, ಆಸ್ಪತ್ರೆ ಎಲ್ಲವೂ ಹಿಂದೆಯೇ ಉಳಿದವು.

ಈಜಿಪುರದಲ್ಲಿ ಕಾಗದವಾದರೂ ಇತ್ತು. ಏಳು ವರ್ಷಗಳ ತರುವಾಯ, 2020ರ ಜನವರಿ 18 ಮತ್ತು 19ರಂದು, ಮಾರತಹಳ್ಳಿ ಬೆಳ್ಳಂದೂರು ನಡುವಣ ಕರಿಯಮ್ಮನ ಅಗ್ರಹಾರದಲ್ಲಿ ಅದೂ ಇರಲಿಲ್ಲ. ಅಲ್ಲಿಯ ಶೆಡ್ಡುಗಳು ಸರ್ಕಾರಿ ಜಾಗದಲ್ಲಿ ಇದ್ದವೂ ಅಲ್ಲ. ಖಾಸಗಿ ನೆಲದಲ್ಲಿ ಬಾಡಿಗೆ ಕೊಟ್ಟು ಇದ್ದವರು ಅವರು. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ, ತ್ರಿಪುರಾದಿಂದ ಬಂದು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡಿಸುವ, ಕಾವಲು ಕಾಯುವ, ಅಡಿಗೆ ಮಾಡುವ ಜನ. ಅವರೆಲ್ಲ ಬಾಂಗ್ಲಾದೇಶದವರೆಂಬ ಸುದ್ದಿ ಹಬ್ಬಿತು. ತಮ್ಮ ಆಧಾರ್ ಚೀಟಿಗಳನ್ನೂ ಮತದಾರರ ಚೀಟಿಗಳನ್ನೂ ಎತ್ತಿ ಹಿಡಿದವರ ಕಣ್ಣೆದುರಿಗೇ ಶೆಡ್ಡುಗಳು ಉರುಳಿದವು. ಪೊಲೀಸರು ನೋಟೀಸು ಕೊಟ್ಟದ್ದುಂಟು, ಆದರೆ ಅದು ಭೂಮಾಲೀಕರ ಹೆಸರಿಗೆ. ಒಳಗೆ ಬಾಳುತ್ತಿದ್ದವರ ಹೆಸರಿಗೆ ಒಂದು ಸಾಲೂ ಇರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ಹೀಗೆ ಜನರನ್ನು ಎಬ್ಬಿಸಲು ಪೊಲೀಸರಿಗೆ ಯಾವ ಕಾನೂನು ಅಧಿಕಾರ ಕೊಟ್ಟಿದೆಯೆಂದು ಕೇಳಿತು. ತೃಪ್ತಿಕರ ಉತ್ತರ ಬಾರದಿದ್ದಾಗ, ನೆಲೆ ಕಳೆದುಕೊಂಡವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು.

ಒಂದು ಕಡೆ ನಡೆದದ್ದು ಕ್ರಮಬದ್ಧ, ಇನ್ನೊಂದು ಕಡೆ ನಡೆದದ್ದು ಕ್ರಮಬಾಹಿರ. ರಾತ್ರಿಯಾದಾಗ ಎರಡೂ ಕಡೆಯ ಮಕ್ಕಳು ಮಲಗಿದ್ದು ಬಯಲಿನಲ್ಲಿ. ಹಾಗಾದರೆ ಕ್ರಮದಿಂದ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನವಿದೆ ಎಂಬುದೇ ನಮ್ಮ ಅಭಿಪ್ರಾಯ. ಹೆಸರಿಗೆ ಬಂದ ನೋಟೀಸನ್ನು ಹಿಡಿದುಕೊಂಡು ವಕೀಲರ ಬಳಿಗೆ ಹೋಗಬಹುದು, ಪರೀಕ್ಷೆ ಮುಗಿಯುವವರೆಗೆ ಕಾಲಾವಕಾಶ ಬೇಡಬಹುದು, ಪಾತ್ರೆಪಡಗಗಳನ್ನು ಒಡೆಯದಂತೆ ಎತ್ತಿಡಬಹುದು. ನೋಟೀಸಿಲ್ಲದವನಿಗೆ ಇವಾವುದೂ ಇಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ಕೆ. ವಿ. ವಿಶ್ವನಾಥನ್ ಅವರು ಬುಲ್ಡೋಜರ್ ಹಾವಳಿಗೆ ಕಡಿವಾಣ ಹಾಕುವ ತೀರ್ಪನ್ನಿತ್ತರು. ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟೀಸು, ಅಹವಾಲು ಹೇಳಿಕೊಳ್ಳುವ ಅವಕಾಶ, ಅಂತಿಮ ಆದೇಶದ ಬಳಿಕ ಮತ್ತೆ 15 ದಿನ, ಕೆಡವುವಾಗ ವಿಡಿಯೊ ಚಿತ್ರೀಕರಣ, ಎಲ್ಲವನ್ನೂ ಅದರಲ್ಲಿ ವಿಧಿಸಲಾಗಿದೆ. ದೇಶವೇ ಕೊಂಡಾಡಿದ ತೀರ್ಪು ಅದು, ನಾವೂ ಕೊಂಡಾಡಿದೆವು. ಆದರೆ ಅದರಲ್ಲೊಂದು ವಿನಾಯಿತಿಯಿದೆ. ರಸ್ತೆ, ಬೀದಿ, ಫುಟ್‌ಪಾತು, ರೈಲು ಹಳಿಯ ಪಕ್ಕ, ನದಿ ಕೆರೆಗಳು, ಇಂಥ ಸಾರ್ವಜನಿಕ ಸ್ಥಳಗಳಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯಿಸವು. ಇಟ್ಟಿಗೆಯ ಮನೆಯವನಿಗೆ ಹದಿನೈದು ದಿನ, ಟಾರ್ಪಾಲಿನವನಿಗೆ ಎಷ್ಟು? ಸಂಚಾರಕ್ಕೆ ಅಡ್ಡವಾದುದನ್ನು ಬೇಗ ತೆಗೆಯಬೇಕೆಂಬ ಆಡಳಿತದ ತೊಂದರೆ ನಮಗೆ ಅರ್ಥವಾಗದ್ದಲ್ಲ. ಈ ವಿನಾಯಿತಿಯಿಂದ 1985ರ ತೀರ್ಪು ಅಳಿದುಹೋಗಿಲ್ಲವೆಂಬುದನ್ನಾದರೂ ಅಧಿಕಾರಿಗಳು ಮನಗಾಣಬೇಕು. ಹಳೆಯ ತೀರ್ಪು ಹುಟ್ಟಿದ್ದೇ ಫುಟ್‌ಪಾತಿನವರ ಮೊಕದ್ದಮೆಯಲ್ಲಿ.

ಎಬ್ಬಿಸಿದವರು ಹೋಗುವುದಾದರೂ ಎಲ್ಲಿಗೆ? ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಕೇಂದ್ರಗಳು ನಗರಗಳಲ್ಲಿ ಇರಬೇಕೆಂಬ ಪ್ರಮಾಣ ಸರ್ವೋಚ್ಚ ನ್ಯಾಯಾಲಯದ ಆದೇಶಗಳಿಂದ ಬಂದು 2013ರಲ್ಲಿ ಕೇಂದ್ರ ಸರ್ಕಾರದ ಯೋಜನೆಯಲ್ಲೂ ಸೇರಿತು. 2011ರ ಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. ಆ ಲೆಕ್ಕದಲ್ಲಿ 84 ಕೇಂದ್ರಗಳಾಗಬೇಕಿತ್ತು; ನಗರ ಅದರ ಸಮೀಪಕ್ಕೂ ಹೋಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ಹಳೆಯ ಸಾಲವೂ ಹೊಸ ಕಚೇರಿಗಳಿಗೆ ಹಂಚಿಹೋಯಿತೇ ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವ ನಮಗೆಲ್ಲ ಇದೆ. ಅಂದಹಾಗೆ, ಆಸ್ತಿ ತೆರಿಗೆಯ ರಸೀದಿಯನ್ನು ಓದುಗರು ಒಮ್ಮೆ ತೆರೆದು ನೋಡಲಿ. ಭಿಕ್ಷಾಟನೆ ನಿಷೇಧದ 1975ರ ಕಾಯಿದೆಯಂತೆ ತೆರಿಗೆಯ ಮೇಲೆ ಶೇಕಡ 3ರಷ್ಟು ಭಿಕ್ಷುಕರ ಕರವನ್ನು ನಾವು ಕಟ್ಟುತ್ತಾ ಬಂದಿದ್ದೇವೆ. ಆ ಹಣದಿಂದ ನಡೆಯುವ ಮಾಗಡಿ ರಸ್ತೆಯ ಪುನರ್ವಸತಿ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಸಾಲು ಸಾಲಾಗಿ ಜನ ಸತ್ತದ್ದು, ಸಮಾಜ ಕಲ್ಯಾಣ ಮಂತ್ರಿಗಳು ರಾಜೀನಾಮೆ ಕೊಟ್ಟದ್ದು ಹಲವರಿಗೆ ನೆನಪಿರಬಹುದು.

ಸರ್ಕಾರವನ್ನು ದೂರುವುದು ಸುಲಭ. ನಮ್ಮ ಗೇಟಿನ ಮುಂದಿನ ಮಾತೇನು? ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯದ ಈಗಿನ ಗೋಪುರ ಎದ್ದದ್ದು 1882ರಲ್ಲಿ. 19ನೆಯ ಶತಮಾನದ ಆರಂಭದಲ್ಲಿ ಅಲ್ಲಿದ್ದುದು ಹುಲ್ಲು ಹೊದಿಸಿದ ಒಂದು ಪುಟ್ಟ ಪ್ರಾರ್ಥನಾಲಯ. ಸೆಪ್ಟೆಂಬರಿನ ಹಬ್ಬದ ದಿನಗಳಲ್ಲಿ ಕಾವಿಯುಟ್ಟ ಸಾವಿರಾರು ಭಕ್ತರು ಸುತ್ತಲಿನ ಬೀದಿಗಳನ್ನೆಲ್ಲ ತುಂಬುತ್ತಾರೆ, ತೇರು ಹೋಗಲು ರಸ್ತೆ ತೆರವಾಗುತ್ತದೆ. ಅದನ್ನು ಯಾರೂ ಒತ್ತುವರಿಯೆನ್ನುವುದಿಲ್ಲ, ಅನ್ನಲೂಬಾರದು. ಆದರೆ ದೇವಾಲಯಗಳ ಗೋಡೆಗೆ ಒರಗಿ ಮಲಗುವವರನ್ನು ತೆಗೆಸಬೇಕೆಂದು ಸಹಿ ಸಂಗ್ರಹಿಸಿದ ಮನವಿಗಳು ಧರ್ಮಕೇಂದ್ರಗಳ ಮೇಜಿನ ಮೇಲೂ ಬರುತ್ತವೆ. ಸಹಿ ಹಾಕಿದವರು ಕೆಟ್ಟವರಲ್ಲ. ಕಣ್ಣು ಮಂಜಾದ ಅಜ್ಜಿ ರಸ್ತೆಗಿಳಿದು ನಡೆಯಬೇಕಾದ ಅಪಾಯ, ದುರ್ವಾಸನೆ, ಕುಡುಕರ ಕೂಗಾಟ, ಎಲ್ಲವೂ ನಿಜ. ಅಂಥ ಮನವಿಯ ಕೊನೆಯಲ್ಲಿ ಅವರು ಎಲ್ಲಿಗೆ ಹೋಗಬೇಕೆಂಬ ಒಂದು ಸಾಲು ಇಲ್ಲದಿರುವುದಷ್ಟೇ ನಮ್ಮ ಆಕ್ಷೇಪ. ವಸತಿಹೀನರಿಗಾಗಿ ವಿಶ್ವಸಂಸ್ಥೆ ಮೀಸಲಿಟ್ಟ 1987ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗ ಪ್ರಕಟಿಸಿದ ಪತ್ರದ ಶೀರ್ಷಿಕೆಯೇ, ಮನೆಯಿಲ್ಲದ ಸೋದರನಿಗೆ ನೀನೇನು ಮಾಡಿದೆ ಎಂಬ ಪ್ರಶ್ನೆಯಾಗಿತ್ತು.

ಮಾಡಬಹುದಾದುದು ದೊಡ್ಡದೇನೂ ಅಲ್ಲ. ವಿಳಾಸವಿಲ್ಲದವನಿಗೆ ಅಂಚೆ ಬಾರದು, ಪಡಿತರ ಚೀಟಿ ಬಾರದು, ನೋಟೀಸೂ ಬಾರದು. ಧರ್ಮಕೇಂದ್ರದ ಕಚೇರಿ ಅಂಥವರ ಕಾಗದಗಳನ್ನು ಪಡೆದು ತಲುಪಿಸಬಹುದು. ಮಳೆಗೂ ಯಂತ್ರಕ್ಕೂ ಸಿಕ್ಕಿ ಹಾಳಾಗದಂತೆ ಅವರ ಚೀಟಿಗಳ ನಕಲುಗಳನ್ನು ಬೀರುವಿನಲ್ಲಿಡಬಹುದು. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಅಕ್ಕಿ ಕೊಡುವಾಗಲೇ ಹೆಸರನ್ನೂ ಬರೆದುಕೊಳ್ಳಬಹುದು. ನಮ್ಮಲ್ಲಿ ವಕೀಲರಿಗೆ ಕೊರತೆಯಿಲ್ಲ. ತೆರವಿನ ಯಂತ್ರ ಬಂದ ಬೆಳಿಗ್ಗೆ ಒಬ್ಬರು ಹೋಗಿ, ಆದೇಶ ಎಲ್ಲಿದೆ, ಯಾರ ಹೆಸರಿಗಿದೆ ಎಂದು ಮರ್ಯಾದೆಯಿಂದ ಕೇಳಿದರೂ ಆಗುವ ಉಪಕಾರ ಸಣ್ಣದಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನಿರ್ದಿಷ್ಟ ದಿನವೆಂದು ಸರ್ಕಾರ ಪ್ರಕಟಿಸಿದೆ. 2011ರಲ್ಲಿ ಫೆಬ್ರವರಿ 28ರ ರಾತ್ರಿ ಗಣತಿದಾರರು ಬೀದಿಗಿಳಿದು, ಮೇಲ್ಸೇತುವೆಗಳ ಕೆಳಗೆ, ರೈಲು ನಿಲ್ದಾಣಗಳಲ್ಲಿ, ಸಿಮೆಂಟ್ ಕೊಳವೆಗಳೊಳಗೆ ಮಲಗಿದ್ದವರನ್ನು ಎಣಿಸಿದ್ದರು. ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಲೆಕ್ಕಕ್ಕೆ ಸಿಕ್ಕರು. ಈ ಬಾರಿಯೂ ಅದೇ ರೂಢಿಯಾದರೆ ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಹುಡುಕುವುದು ಆ ಶಾಲಾ ಮಾಸ್ತರರಿಗೆ ಕಷ್ಟ. ಯಾವ ಅಂಗಡಿಯ ಮೆಟ್ಟಿಲ ಮೇಲೆ ಎಷ್ಟು ಜನ ಮಲಗುತ್ತಾರೆಂಬುದು ಬೆಳಗಿನ ಬಲಿಪೂಜೆಗೆ ಬರುವ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಈಗಿನಿಂದಲೇ ಅವರನ್ನು ಕೇಳಿ ಬೀದಿವಾರು ಪಟ್ಟಿಯೊಂದನ್ನು ಮಾಡಿಟ್ಟರೆ, ಗಣತಿದಾರರು ಬಂದ ರಾತ್ರಿ ಟಾರ್ಚು ಹಿಡಿದು ಜೊತೆಗೆ ಹೋಗಲು ಇಬ್ಬರು ಯುವಕರು ಸಾಕು.